ಮಂಗಳವಾರದ ಗುಡ್ಡ

ಚಳಿಗಾಲದಲ್ಲಿ ಬೀದಿಯ ಮರಗಳು ಎಲೆ ಕಳಚಿಕೊಂಡು ನಿಂತಾಗ, ಲಂಡನ್ನಿನ ಈಸ್ಟ್ ಹ್ಯಾಮ್‌ನ ನಮ್ಮ ಮನೆಯ ಮಹಡಿಯ ಹಿಂದಿನ ಕೋಣೆಯಿಂದ ಒಂದು ಗುಡ್ಡ ಕಾಣುತ್ತಿತ್ತು. ಹಗಲು ಹೊತ್ತಿನಲ್ಲಿ ಅದನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವಂತಿರಲಿಲ್ಲ. ಸಂಜೆ ಬೇಗ ಕತ್ತಲಾಗುವ ಆ ತಿಂಗಳುಗಳಲ್ಲಿ ಮಾತ್ರ ಅದರ ಒಂದು ಪಕ್ಕಕ್ಕೆ ಸಾಲಾಗಿ ದೀಪ ಹತ್ತಿಕೊಳ್ಳುತ್ತಿತ್ತು. ಆಗ ಗುಡ್ಡ ಮರೆಯಾಗಿ, ತುದಿಯಿಂದ ಬುಡದವರೆಗಿನ ಬಿಳಿ ಪಟ್ಟೆಯೊಂದೇ ಉಳಿಯುತ್ತಿತ್ತು, ಯಾರೋ ಒಗೆದ ಸೀರೆಯನ್ನು ಒಣಗಲೆಂದು ಆಕಾಶದಿಂದ ಇಳಿಬಿಟ್ಟ ಹಾಗೆ. ಆ ಪಟ್ಟೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ಅವು ಏನೆಂದು ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಆ ಮನೆಯಲ್ಲಿ ಆಗ ನಾನು ಹೆಚ್ಚು ಏನನ್ನೂ ಕೇಳುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಮನೆಯಲ್ಲಿ ನಾವು ನಾಲ್ವರಿದ್ದೆವು. ನನ್ನ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ ಮತ್ತು ನಾನು. ಅಣ್ಣತಮ್ಮಂದಿರಿಬ್ಬರೂ ಡಾಕ್ಟರು. ಅವರ ಊರು ಆಗಿನ ಬಿಜಾಪುರ. ನನ್ನ ಗಂಡ ಮೈಸೂರಿನಲ್ಲಿ ಮೆಡಿಕಲ್ ಓದುವಾಗ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು, ಹಾಗೆ ಪರಿಚಯವಾಗಿ ಮದುವೆಯಾದದ್ದು. ಭಾವನವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಹಗಲೆಲ್ಲ ಜನರನ್ನು ನಿದ್ದೆ ಮಾಡಿಸಿ ರಾತ್ರಿ ಬಂದು ತಾವು ಮಾತ್ರ ಸೋಫಾದ ಮೇಲೆ ಕೂತು ಟಿವಿಯ ಮುಂದೆ ಎಚ್ಚರವಾಗಿರುತ್ತಿದ್ದರು. ನನ್ನ ಗಂಡ ಇನ್ನೂ ಜೂನಿಯರ್ ಡಾಕ್ಟರಾದ್ದರಿಂದ ವಾರದ ಅರ್ಧ ದಿನಗಳು ಮನೆಯಲ್ಲೇ ಇರುತ್ತಿರಲಿಲ್ಲ. ಹೀಗಾಗಿ ಸಂಜೆಗಳಲ್ಲಿ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರು ಓರಗಿತ್ತಿಯರು.

ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಎಂಟೋ ಒಂಬತ್ತೋ ವರ್ಷ ದೊಡ್ಡವಳು. ಎತ್ತರ, ಸಪೂರ, ನೇರ ಬೆನ್ನು. ಹೈ ಸ್ಟ್ರೀಟ್ ನಾರ್ತ್‌ನ ಒಂದು ಸೀರೆ ಅಂಗಡಿಗೆ ಮನೆಯಲ್ಲೇ ಕುಳಿತು ರವಿಕೆ ಹೊಲಿದುಕೊಡುತ್ತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು, ಬೀದಿಯವರ ಪ್ಯಾಂಟು ಕೋಟುಗಳನ್ನೂ ರಿಪೇರಿ ಮಾಡುತ್ತಿದ್ದಳು. ನಮ್ಮಿಬ್ಬರ ನಡುವೆ ಜಗಳ ಅಂತ ಒಂದು ದಿನವೂ ಆಗಲಿಲ್ಲ. ಆದರೆ ಮಾತೂ ಇರಲಿಲ್ಲ. ಅವಳು "ಯಾಕ ಸುಮ್ನ ಕುಂತಿ?" ಅಂದರೆ ನನಗೆ ಗದರಿಸಿದ ಹಾಗೆ ಕೇಳುತ್ತಿತ್ತು. ನಾನು "ನೀವು ಊಟ ಮಾಡಿದಿರಾ?" ಅಂದರೆ, ನೆಂಟರ ಮನೆಗೆ ಬಂದವಳ ಹಾಗೆ ಮಾತಾಡುತ್ತಾಳೆ ಈ ಮೈಸೂರಾಕಿ, ಅಂತ ಅವಳಿಗೆ ಅನ್ನಿಸುತ್ತಿತ್ತಂತೆ. ಇದೆಲ್ಲ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಹೊಲಿಗೆ ಮಷೀನು ಒಂದು ಕೋಣೆಯಲ್ಲಿ, ನಾನು ಇನ್ನೊಂದು ಕೋಣೆಯಲ್ಲಿ.

ಅಕ್ಕನಿಗೆ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು ಎಂದು ಮದುವೆಗೆ ಮುಂಚೆಯೇ ನನ್ನ ಗಂಡ ಹೇಳಿದ್ದರು. ಮನೆಯಲ್ಲಿ ಆ ಮಾತು ಎತ್ತಬಾರದು ಎಂದೂ ಹೇಳಿದ್ದರು. ಆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಮಂಗಳವಾರ ಅಕ್ಕನ ಹತ್ತಿರ ರಿಪೇರಿಗೆ ಬಂದಿದ್ದ ದಪ್ಪನೆಯ ನೀಲಿ ಪ್ಯಾಂಟೊಂದನ್ನು ಮುಟ್ಟಿಸಬೇಕಾಗಿತ್ತು. ಮಂಡಿಯ ಹತ್ತಿರ ಉಜ್ಜಿ ಉಜ್ಜಿ ಹರಿದುಹೋಗಿದ್ದ ಪ್ಯಾಂಟು ಅದು. ಅದರ ಒಡತಿ ಬಂದು ತೆಗೆದುಕೊಂಡು ಹೋಗಲಾಗದೆ, ಅವತ್ತು ಸಂಜೆಗೇ ಬೇಕೆಂದು ಫೋನು ಮಾಡಿದ್ದಳು. ಬೆಕ್ಟನ್ ಕಡೆಗೆ ಹೋಗಬೇಕು, ಬಸ್ಸು ಇಳಿದ ಮೇಲೆ ಕತ್ತಲಲ್ಲಿ ನಡೆಯಬೇಕು. ಅಕ್ಕ ನನ್ನ ಬಾಗಿಲಿಗೆ ಬಂದು, ಬರುತ್ತೀಯಾ ಎಂದು ಕೇಳಿದಳು. ಜೊತೆಗೆ ಬಾ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ನಾನು ಕೋಟು ಹಾಕಿಕೊಂಡು ಹೊರಟೆ.

ಬಸ್ಸು ಇಳಿದರೆ ಎದುರಿಗೇ ಆ ಗುಡ್ಡ. ನಮ್ಮ ಕಿಟಕಿಯಿಂದ ಕಾಣುತ್ತಿದ್ದ ಬಿಳಿ ಪಟ್ಟೆ ಈಗ ತಲೆಯ ಮೇಲೆ ನಿಂತಿತ್ತು. ಅದು ನಿಜವಾದ ಗುಡ್ಡವೇ ಅಲ್ಲ, ಹಳೆಯ ಗ್ಯಾಸ್ ಕಾರ್ಖಾನೆಯವರು ವರ್ಷಾನುಗಟ್ಟಲೆ ತಂದು ಸುರಿದ ಬೂದಿ ಕಸದ ರಾಶಿ ಎಂದು ಆಮೇಲೆ ತಿಳಿಯಿತು. ಊರವರು ತಮಾಷೆಗೆ ಅದನ್ನು ಆಲ್ಪ್ಸ್ ಅನ್ನುತ್ತಿದ್ದರು. ಅದರ ಒಂದು ಇಳಿಜಾರಿಗೆ ಬ್ರಶ್ಶಿನಂಥ ಬಿಳಿ ಪ್ಲಾಸ್ಟಿಕ್ ಎಳೆಗಳ ಚಾಪೆ ಹಾಸಿ, ಮೇಲೆ ನೀರು ಚಿಮುಕಿಸಿ, ಹಿಮವಿಲ್ಲದ ಊರಿನಲ್ಲಿ ಜನರಿಗೆ ಸ್ಕೀ ಮಾಡಲು ಬಿಟ್ಟಿದ್ದರು. ನಮ್ಮ ಕಿಟಕಿಯ ಚುಕ್ಕೆಗಳು ಆ ಜನ. ಸೊರ್ ಎಂದು ಸದ್ದು ಮಾಡುತ್ತ ಒಬ್ಬೊಬ್ಬರಾಗಿ ಕತ್ತಲಿನ ತುದಿಯಿಂದ ಬೆಳಕಿಗೆ ಬಂದು, ನಮ್ಮ ಮುಂದೆ ಬಾಗಿ ತಿರುಗಿ ನಿಲ್ಲುತ್ತಿದ್ದರು. ದೀಪಗಳ ಸುತ್ತ ನೀರಿನ ತುಂತುರು ಹೊಗೆಯ ಹಾಗೆ ನಿಂತಿತ್ತು. ಒದ್ದೆ ಪ್ಲಾಸ್ಟಿಕ್ಕಿನ ವಾಸನೆ, ಕೆಳಗಿನ ಮರದ ಗುಡಿಸಲಿನಿಂದ ಬಿಸಿ ಚಾಕೊಲೇಟಿನ ವಾಸನೆ.

ಪ್ಯಾಂಟಿನ ಒಡತಿ ಅಲ್ಲಿ ಸ್ಕೀ ಕಲಿಸುವವಳು. ಸ್ಕಾಟ್ಲೆಂಡಿನ ಕಡೆಯವಳು, ನರೆತ ಕೂದಲು, ಗಾಳಿಗೆ ಕೆಂಪಾದ ಮುಖ. ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡಳು. ನಾವು ಹೊರಡದೆ ಅಲ್ಲೇ ನಿಂತು ನೋಡುತ್ತಿದ್ದುದನ್ನು ಕಂಡು, ಹೊಸಬರ ಪಾಠ ಇನ್ನೇನು ಶುರುವಾಗುತ್ತದೆ, ಬನ್ನಿ ಅಂದಳು. ನಾನು ಬೇಡವೆನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಇಂಗ್ಲಿಷಿನಲ್ಲಿ, ನಮ್ಮ ಕಾಲಿನ ಅಳತೆಯ ಬೂಟು ಇವೆಯೇ ಎಂದು ಕೇಳಿಬಿಟ್ಟಿದ್ದಳು.

ಮೊದಲ ದಿನ ನಾವು ಇಳಿಯಲೇ ಇಲ್ಲ ಅನ್ನಬಹುದು. ಬರೀ ಹತ್ತಿದ್ದು. ಕಲ್ಲಿನಂತೆ ಭಾರವಾದ ಬೂಟಿಗೆ ಉದ್ದನೆಯ ಸ್ಕೀ ಸಿಕ್ಕಿಸಿಕೊಂಡು, ಗುಡ್ಡಕ್ಕೆ ಪಕ್ಕೆ ಕೊಟ್ಟು ನಿಂತು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ಮೇಲೆ ಹೋಗಬೇಕು. ಒಂದಿಷ್ಟು ಹತ್ತಿ, ಸ್ಕೀಯ ಮುಂದಿನ ತುದಿಗಳನ್ನು ಕೂಡಿಸಿ ಹಿಮ್ಮಡಿ ಅಗಲಿಸಿ, ಮೊಣಕಾಲು ಬಗ್ಗಿಸಿ ಕೆಳಗೆ ಜಾರಬೇಕು. ಬೀಳಬೇಕು. ಮತ್ತೆ ಹತ್ತಬೇಕು. ಮೈಸೂರಿನಲ್ಲಿ ನಾನು ಚಾಮುಂಡಿ ಬೆಟ್ಟ ಹತ್ತಿದವಳು. ಅಲ್ಲಿ ಮೇಲೆ ಅಮ್ಮನವರಿದ್ದಾರೆ ಎಂಬ ನಂಬಿಕೆ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಮೇಲೆ ಏನೂ ಇರಲಿಲ್ಲ. ಕೆಳಗೆ ಬರುವುದಕ್ಕೆಂದೇ ಮೇಲೆ ಹೋಗುವುದು. ಅದು ನನಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಮೂರನೆಯ ಸಲ ಬಿದ್ದಾಗ ಚಾಪೆಯ ಮೇಲೆ ಹಾಗೇ ಮಲಗಿ ನಗತೊಡಗಿದೆ. ಪಕ್ಕದಲ್ಲಿ ಅಕ್ಕನೂ ಬಿದ್ದಿದ್ದಳು. ಅವಳು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದನಿ ಸಣ್ಣದು, ಹುಡುಗಿಯದು.

ಅಲ್ಲಿಂದ ಮಂಗಳವಾರ ನಮ್ಮದಾಯಿತು. ಬೇಗ ಅಡಿಗೆ ಮುಗಿಸಿ ಮುಚ್ಚಿಟ್ಟು ಬಸ್ಸು ಹಿಡಿಯುತ್ತಿದ್ದೆವು. ಚಾಪೆಯ ಮೇಲೆ ಬಿದ್ದರೆ ಚರ್ಮ ಸುಟ್ಟ ಹಾಗೆ ತರಚುತ್ತಿತ್ತು, ಅದಕ್ಕೆ ಮೈ ತುಂಬ ಮುಚ್ಚಿಕೊಳ್ಳಬೇಕಿತ್ತು. ಅಕ್ಕ ಭಾವನವರ ಹಳೆಯ ಎರಡು ಪ್ಯಾಂಟುಗಳನ್ನು ಸೊಂಟ ಹಿಡಿಸಿ ನಮ್ಮ ಅಳತೆಗೆ ತಂದಳು. ಮಂಡಿಗೆ ಒಳಗಿನಿಂದ ಕಂಬಳಿಯ ತುಂಡು ಹೊಲಿದಳು. ಯಾರಿಂದಲೂ ಮುಚ್ಚಿಡಬೇಕೆಂದು ನಾವು ಅಂದುಕೊಂಡಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಭಾವನವರು ಕೇಳಿದಾಗಲೆಲ್ಲ ಅಕ್ಕ, ಗುಡ್ಡ ಹತ್ತಾಕ ಹೋಗಿದ್ವಿ, ಅನ್ನುತ್ತಿದ್ದಳು. ಅವರು ತಮಾಷೆಯೆಂದುಕೊಂಡು ನಕ್ಕು ಸುಮ್ಮನಾಗುತ್ತಿದ್ದರು. ಅಂಗಡಿ ಬೀದಿಗೆ ಹೋಗುವುದಕ್ಕೆ ಹೆಂಡತಿ ಇಟ್ಟುಕೊಂಡ ಹೆಸರು ಅದು ಎಂದು ಅವರ ಲೆಕ್ಕ. ನನ್ನ ಗಂಡನಿಗೆ ನಾನು ಸರಿಯಾಗಿಯೇ ಹೇಳಿದ್ದೆ. ಡ್ಯೂಟಿ ಮುಗಿಸಿ ಬಂದು ಅರೆನಿದ್ದೆಯಲ್ಲಿ ಕೇಳಿಸಿಕೊಂಡು, ಎದ್ದ ಮೇಲೆ ಮರೆತಿದ್ದರು.

ಆ ಚಳಿಗಾಲವನ್ನು ನೆನೆಸಿಕೊಂಡರೆ ನನಗೆ ಹಗಲುಗಳು ನೆನಪಾಗುವುದಿಲ್ಲ. ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ವಾರಕ್ಕೆ ಮೂರು ದಿನ ನಿಲ್ಲುತ್ತಿದ್ದೆ, ಅಲ್ಲಿ ಏನು ಮಾಡುತ್ತಿದ್ದೆ ಎಂಬುದು ಮಸುಕು. ನೆನಪಿರುವುದು ಸಂಜೆ. ಒದ್ದೆ ದೀಪಗಳು, ಮೇಲಕ್ಕೆ ಎಳೆದೊಯ್ಯುವ ಹಗ್ಗದ ಕಿರ್ ಕಿರ್ ಸದ್ದು, ಆ ಹಗ್ಗಕ್ಕೆ ತೂಗುಬಿಟ್ಟ ತಟ್ಟೆಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ನಿಂತರೆ ಪಾದದ ಕೆಳಗೆ ಗುಡ್ಡವೇ ಹಿಂದೆ ಸರಿಯುತ್ತಿದ್ದ ಬಗೆ. ತುದಿಗೆ ಬಂದರೆ ಗಾಳಿ. ಒಂದು ಕಡೆ ಕತ್ತಲಲ್ಲಿ ಮಲಗಿದ ಥೇಮ್ಸ್, ಸಣ್ಣ ವಿಮಾನಗಳು ನಮ್ಮ ಕಣ್ಣಿನ ಮಟ್ಟದಲ್ಲೇ ಬಂದು ನೀರಿನ ಪಕ್ಕಕ್ಕೆ ಇಳಿಯುತ್ತಿದ್ದವು. ಪಶ್ಚಿಮಕ್ಕೆ ಕನೇರಿ ವಾರ್ಫಿನ ಗೋಪುರದ ನೆತ್ತಿಯ ದೀಪ ಕಣ್ಣು ಮಿಟುಕಿಸುತ್ತಿತ್ತು. ಕಾಲ ಕೆಳಗೆ ದೊಡ್ಡ ರಸ್ತೆ, ಕಾರುಗಳ ದೀಪ ಒಂದು ಕಡೆ ಕೆಂಪು, ಒಂದು ಕಡೆ ಬಿಳಿ. ಅಲ್ಲಿಂದ ಮೈಯನ್ನು ಬಿಟ್ಟುಕೊಟ್ಟು ಇಳಿಯುವಾಗ, ಯಾರ ಮನೆಯ ಸೊಸೆಯೂ ಅಲ್ಲದ, ಯಾವ ಊರಿನವಳೂ ಅಲ್ಲದ ಒಂದು ಗಳಿಗೆ ಸಿಗುತ್ತಿತ್ತು. ಎಷ್ಟೋ ಸಲ ಮನೆಗೆ ಬಂದು ಮಲಗಿದ ಮೇಲೂ ಹಾಸಿಗೆ ಇಳಿಜಾರಾಗಿ, ನಾನು ನಿಧಾನವಾಗಿ ಜಾರುತ್ತ ಮೈಸೂರಿನ ನಮ್ಮ ಬೀದಿಯ ಮೇಲೆ ಹಾದು, ಅಮ್ಮ ಬಾಗಿಲು ತೊಳೆಯುತ್ತಿರುವುದನ್ನು ಮೇಲಿನಿಂದ ನೋಡಿ, ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತಿದ್ದೆ.

ಅಕ್ಕ ಮಾತ್ರ ತುದಿಯಿಂದ ಇಳಿಯುತ್ತಿರಲಿಲ್ಲ. ಅರ್ಧಕ್ಕೇ ಹಗ್ಗ ಬಿಟ್ಟು ಅಲ್ಲಿಂದ ಬರುತ್ತಿದ್ದಳು. ನನಗಿಂತ ಚೆನ್ನಾಗಿ ಕಲಿತಿದ್ದಳು, ಅವಳ ತಿರುವುಗಳು ಕೈಹೊಲಿಗೆಯ ಹಾಗೆ ಒಂದೇ ಅಳತೆಯವು. ಕಲಿಸುವವಳು ಎಷ್ಟು ಕರೆದರೂ ನಕ್ಕು ತಲೆಯಾಡಿಸುತ್ತಿದ್ದಳು. ಮೇಲಿನದು ನನಗೆ ಬೇಡ, ಇಷ್ಟು ಸಾಕು ಎಂದು ನನ್ನ ಹತ್ತಿರ ಅಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ.

ಒಂದು ಮಂಗಳವಾರ ನಾವು ಹೋದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವತ್ತು ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ದೀಪಗಳೆಲ್ಲ ಹತ್ತಿಕೊಂಡೇ ಇದ್ದವು, ಆದರೆ ಪ್ರತಿಯೊಂದು ದೀಪವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಬಂದದ್ದು ಬಂದಾಯಿತು, ನಡೆದಾದರೂ ಹತ್ತೋಣ ಅಂದಳು ಅಕ್ಕ. ಪಕ್ಕದ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ಹೊರಟೆವು. ಮುಂದಿದ್ದ ಅವಳು ನನಗೆ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ತುದಿ ತಲುಪಿದರೆ ಮಂಜು ನಮ್ಮ ಸೊಂಟದ ಮಟ್ಟಕ್ಕೆ ಇಳಿದುಬಿಟ್ಟಿತ್ತು. ನದಿ ಇಲ್ಲ, ರಸ್ತೆ ಇಲ್ಲ, ಈಸ್ಟ್ ಹ್ಯಾಮ್ ಇಲ್ಲ. ಬೆಳ್ಳಗೆ ಒಂದು ಬಯಲು. ಅದರ ಆಚೆ ದಡದಲ್ಲಿ ಆ ಗೋಪುರದ ದೀಪವೊಂದೇ ಮಿಟುಕುತ್ತಿತ್ತು.

ಆಮೇಲೆ ಅಕ್ಕ ಗೋಳಗುಮ್ಮಟದ ಮಾತು ತೆಗೆದಳು. ಸಣ್ಣವಳಿದ್ದಾಗ ಅವರ ಮನೆ ಅದರ ಹತ್ತಿರವೇ ಇತ್ತಂತೆ. ಮೇಲೆ ಹತ್ತಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆಯ ಗೋಡೆಯ ಹತ್ತಿರ ಕೂತವರಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಅಲ್ಲಿ ಮನಸ್ಸಿನ ಮಾತು ಯಾವುದನ್ನೂ ಆಡುವಂತಿರಲಿಲ್ಲ ಎಂದು ನಕ್ಕಳು. ಆಮೇಲೆ ಮಂಜನ್ನು ನೋಡುತ್ತ ಅಂದಳು: "ಇಲ್ಲಿ ಏನಂದ್ರೂ ಯಾರಿಗೂ ಕೇಳಂಗಿಲ್ಲ."

ಅವಳು ಎರಡು ಹೆಸರು ಹೇಳಿದಳು. ಒಂದು ಹುಡುಗನದು, ಒಂದು ಹುಡುಗಿಯದು. ಜೋರಾಗಿ ಅಲ್ಲ, ಯಾರನ್ನೋ ಕರೆಯುವ ಹಾಗೂ ಅಲ್ಲ. ಊಟಕ್ಕೆ ಕೂತವರನ್ನು ಒಮ್ಮೆ ನೋಡಿ ಹೆಸರು ಹಿಡಿದು ಮಾತಾಡಿಸುವ ಹಾಗೆ. ಉಳಿಯದೆ ಹೋದ ಅವರಿಬ್ಬರಿಗೆಂದು ತಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರುಗಳು, ಇಷ್ಟು ದಿನ ಬಾಯಿಬಿಟ್ಟು ಎಲ್ಲೂ ಅಂದಿರಲಿಲ್ಲ, ಇವರ ಹತ್ತಿರವೂ ಅಂದಿಲ್ಲ ಎಂದಳು. ಇವರು ಅಂದರೆ ಭಾವನವರು. ನಾನು ಅವಳ ಗ್ಲೌಸಿನ ಕೈ ಹಿಡಿದುಕೊಂಡೆ. ಕೆಳಗಿಳಿಯುವಾಗ ದಾರಿ ಜಾರುತ್ತಿದ್ದುದರಿಂದ ಬುಡದವರೆಗೂ ಕೈ ಬಿಡಲಿಲ್ಲ.

ಅವತ್ತಿನಿಂದ ಮನೆ ಬೇರೆಯಾಯಿತು. ಅವಳ ಹೊಲಿಗೆ ಮಷೀನಿನ ಪಕ್ಕ ನನ್ನ ಕುರ್ಚಿ ಬಂತು. ಅವಳು ಗದರಿಸುತ್ತಿಲ್ಲ, ಮಾತಾಡಿಸುತ್ತಿದ್ದಾಳೆ ಎಂದು ತಿಳಿಯಿತು. ನಾನೂ ಅವಳ ಹಾಗೆ ಬರ್ತೀನ್ರಿ, ಹೌದಲ್ಲ ಅನ್ನತೊಡಗಿದೆ. ಅವಳು ನನ್ನ ಬಾಯಲ್ಲಿ ಬಿಜಾಪುರದ ಮಾತು ಕೇಳಿ ಸೂಜಿ ನಿಲ್ಲಿಸಿ ನಗುತ್ತಿದ್ದಳು.

ವಸಂತ ಬರುವ ಹೊತ್ತಿಗೆ ನಾನು ಬಸಿರಾದೆ. ಜಿಪಿ ಡಾಕ್ಟರ ಹತ್ತಿರ ಹೋಗಿ ಖಾತ್ರಿಯಾದ ದಿನ ನನ್ನ ಗಂಡ ಮಗುವಿನ ಹಾಗೆ ಕುಣಿದರು. ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಹೇಳೋಣ ಅಂದರು. ಬೇಡ, ಸ್ವಲ್ಪ ದಿನ ತಡೆಯಿರಿ ಅಂದೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ, ಮಂಜಿನ ಸಂಜೆಯ ಮಾತು ನಾನು ಅವರಿಗೆ ಹೇಳಿರಲಿಲ್ಲ. ಆ ಎರಡು ಹೆಸರು ಕೇಳಿಸಿಕೊಂಡ ನಾನೇ ಈ ಸುದ್ದಿಯನ್ನು ಅವಳ ಮುಂದೆ ಹೇಗೆ ಇಡಲಿ? ಅಡಿಗೆಮನೆಯಲ್ಲಿ ಹೇಳಬೇಕೆಂದು ಹೋಗಿ ಬೇಳೆ ಡಬ್ಬಿ ತೆಗೆದುಕೊಂಡು ವಾಪಸು ಬಂದೆ. ಮೆಟ್ಟಿಲ ಮೇಲೆ ಸಿಕ್ಕಾಗ ಹವಾಮಾನದ ಮಾತಾಡಿದೆ. ಅಷ್ಟರಲ್ಲಿ ಮಂಗಳವಾರ ಬಂತು.

ಹೋಗಬಾರದಿತ್ತು. ಆದರೆ ಹೋಗದಿರುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಗುಡ್ಡದ ಬುಡದಲ್ಲಿ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಂಡೆ ಕೂಡ. ಕಷ್ಟದ ಕೊಕ್ಕೆಗಳನ್ನು ಯಾವಾಗಲೂ ಅಕ್ಕನೇ ಹಾಕಿಕೊಡುತ್ತಿದ್ದಳು. ಅವತ್ತೂ ನನ್ನ ಮುಂದೆ ಮಂಡಿಯೂರಿ ಕೂತು ಮೊದಲ ಕೊಕ್ಕೆಗೆ ಕೈ ಹಾಕಿದಳು. ಇನ್ನೂ ಬೆಳಕಿತ್ತು, ದೀಪಗಳು ಹತ್ತಿದ್ದರೂ ಅವುಗಳಿಗೆ ಬಲ ಬಂದಿರಲಿಲ್ಲ. ನಾನು ಅವಳ ಕೈ ಹಿಡಿದೆ.

"ಅಕ್ಕ, ಇವತ್ತು ನಾನು ಹತ್ತಲ್ಲ" ಅಂದೆ.

ಅವಳು ತಲೆಯೆತ್ತಿ ನೋಡಿದಳು. ಕಾಲು ನೋವೇ, ಜ್ವರವೇ ಎಂದು ಏನೂ ಕೇಳಲಿಲ್ಲ. ನನ್ನ ಮುಖದಲ್ಲಿ ಏನಿತ್ತೋ, ನೋಡುತ್ತಿದ್ದ ಹಾಗೇ ಅವಳಿಗೆ ತಿಳಿದುಹೋಯಿತು. ಹಾಕಿದ್ದ ಕೊಕ್ಕೆಯನ್ನು ಬಿಚ್ಚಿದಳು. ಒಂದೊಂದಾಗಿ ಎರಡೂ ಬೂಟು ಎಳೆದು ಪಕ್ಕಕ್ಕಿಟ್ಟು, ನನ್ನ ಶೂಗಳನ್ನು ತಂದು ಪಾದದ ಹತ್ತಿರ ಇಟ್ಟಳು. ತನ್ನ ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದಳು. ಆಮೇಲೆ ಸ್ಕೀ ಸಿಕ್ಕಿಸಿಕೊಂಡು ಹಗ್ಗದ ಕಡೆ ಹೋದಳು.

ಅರ್ಧದಲ್ಲಿ ಇಳಿಯುತ್ತಾಳೆ ಎಂದು ಕಾದೆ. ಇಳಿಯಲಿಲ್ಲ. ಹಗ್ಗ ಅವಳನ್ನು ಇನ್ನೂ ಮೇಲಕ್ಕೆ, ನನ್ನ ಕಣ್ಣಿಗೆ ಅವಳು ಒಂದು ಕಡ್ಡಿಯಾಗುವವರೆಗೆ, ಆಮೇಲೆ ಒಂದು ಚುಕ್ಕೆಯಾಗುವವರೆಗೆ ಎಳೆದುಕೊಂಡು ಹೋಯಿತು. ತುದಿಯಲ್ಲಿ ಆ ಚುಕ್ಕೆ ನಿಂತಿತು. ಬೇರೆಯವರು ಬಂದರು, ಅವಳ ಪಕ್ಕದಿಂದ ಇಳಿದು ಹೋದರು, ಅವಳು ನಿಂತೇ ಇದ್ದಳು. ಹಿಂದಿನ ಆಕಾಶ ಕಡುನೀಲಿಗೆ ತಿರುಗುತ್ತಿತ್ತು. ಅವಳು ಅಳುತ್ತಿದ್ದಾಳೋ ಊರನ್ನು ನೋಡುತ್ತಿದ್ದಾಳೋ ಅಷ್ಟು ದೂರಕ್ಕೆ ಗೊತ್ತಾಗುವಂತಿರಲಿಲ್ಲ. ನಾನು ಶಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಅವಳು ಹೊರಟಳು. ಮೊದಲ ತಿರುವು ನಿಧಾನ, ಎರಡನೆಯದು ಇನ್ನೂ ನಿಧಾನ. ಮೂರನೆಯದರ ಹೊತ್ತಿಗೆ ಮೈ ಹಗುರವಾದದ್ದು ನನಗೆ ಕೆಳಗಿನಿಂದಲೇ ಕಂಡಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಇಡೀ ಗುಡ್ಡವನ್ನು ಒಂದೇ ದಾರದಲ್ಲಿ ಹೊಲಿದುಕೊಂಡು ಬರುವ ಹಾಗೆ ಬಂದಳು. ತುಂತುರಿನ ಒಳಗೆ ಹೊಕ್ಕು ಹೊರಗೆ ಬಂದಳು. ಕಲಿಸುವವಳು ಮಾತು ನಿಲ್ಲಿಸಿ ನೋಡುತ್ತಿದ್ದಳು. ಇನ್ನೇನು ಮುಗಿಯಿತು ಅನ್ನುವಾಗ, ಸಮತಟ್ಟಾಗುವ ಜಾಗದ ಸ್ವಲ್ಪ ಮೇಲೆ, ಒಂದು ಸ್ಕೀ ಇನ್ನೊಂದರ ಮೇಲೆ ಹತ್ತಿ ಅವಳು ಬಿದ್ದಳು. ಕೈ ಊರಿದಾಗ ಹೆಬ್ಬೆರಳು ಚಾಪೆಯ ಎಳೆಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಂಡಿತು.

ಓಡಿ ಹೋದಾಗ ಅವಳು ಎದ್ದು ಕೂತಿದ್ದಳು. ಮುಖದಲ್ಲಿ ನೋವಿತ್ತು, ಆದರೆ ಅದರ ಹಿಂದೆ ಬೇರೇನೋ ಇತ್ತು, ಬಹಳ ದಿನದ ಮೇಲೆ ನಿದ್ದೆ ಮಾಡಿ ಎದ್ದವರ ಮುಖದಲ್ಲಿ ಇರುವಂಥದು. ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಕಲಿಸುವವಳು ಪಟ್ಟಿ ಸುತ್ತಿ, ನಮಗೊಂದು ಮಿನಿಕ್ಯಾಬ್ ಕರೆಸಿದಳು.

ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕಾಯುತ್ತ ಕೂತೆವು. ಭಾವನವರು ಅವತ್ತು ಅದೇ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರು, ಹೇಳಿ ಕಳಿಸಿದ್ದೆ. ಅಕ್ಕ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು, ಎದುರು ಗೋಡೆಯ ಪೋಸ್ಟರ್ ನೋಡುತ್ತ ಕೂತಿದ್ದಳು. ನೋಡುತ್ತಲೇ ಕೇಳಿದಳು.

"ನನಗ ಹೇಳಾಕ ಯಾಕ ಅಂಜಿದಿ?"

ಮಂಜಿನ ದಿನ ನೀವು ಆ ಹೆಸರು ಹೇಳಿದಿರಲ್ಲ, ಅದಕ್ಕೆ, ಅಂದೆ.

ಅವಳು ಪೋಸ್ಟರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. "ಆ ಹೆಸರು ಅವರವು. ಅವರ ಹತ್ರನ ಇರಲಿ. ನಿನ್ನ ಕೂಸಿಗೆ ಬ್ಯಾರೆ ಹೆಸರು ಹುಡುಕೂಣು" ಅಂದಳು.

ನಾನು ಅತ್ತೆ. ಮುರಿದದ್ದು ಅವಳ ಬೆರಳು, ಅತ್ತದ್ದು ನಾನು. ನಮ್ಮ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಪರ್ಸಿನಿಂದ ಟಿಶ್ಯೂ ತೆಗೆದು ನನಗೆ ಕೊಟ್ಟಳು.

ಭಾವನವರು ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯಲ್ಲೇ ಬಂದರು. ಪಟ್ಟಿ ಬಿಚ್ಚಿ ಬೆರಳು ನೋಡಿದರು, ಹೇಗಾಯಿತೆಂದು ಕೇಳಿದರು. ಗುಡ್ಡದ ಮ್ಯಾಲಿಂದ ಬಿದ್ದೆ ಅಂದಳು ಅಕ್ಕ. ಅವರು ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ನೀಲಿ ಪ್ಯಾಂಟಿನಿಂದ ಹಿಡಿದು. ಅವರಿಗೆ ಸಿಟ್ಟು ಬರುತ್ತದೆ, ಇನ್ನು ಮಂಗಳವಾರ ಮುಗಿದ ಹಾಗೆಯೇ ಎಂದು ನನ್ನ ಮನಸ್ಸು ಅದಾಗಲೇ ಸಿದ್ಧವಾಗಿತ್ತು. ಅವರು ಹೆಂಡತಿಯ ಕೈಯನ್ನು ತಮ್ಮ ಅಂಗೈ ಮೇಲೆ ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಕೂತರು. ದಿನಾ ಕಾರಿನಲ್ಲಿ ಆ ರಸ್ತೆಯಲ್ಲೇ ಹೋಗುತ್ತೇನೆ, ಆ ದೀಪ ನೋಡುತ್ತ ಹೋಗುತ್ತೇನೆ ಅಂದರು. ಆಮೇಲೆ ಮೆಲ್ಲಗೆ, "ನನ್ನೂ ಕರೀಬೇಕಾಗಿತ್ತು" ಅಂದರು.

ಅಕ್ಕನ ಹೆಬ್ಬೆರಳಿಗೆ ಪ್ಲಾಸ್ಟರ್ ಬಿತ್ತು. ಹೊಲಿಗೆ ನಿಂತಿತು. ಅವಳ ಜಡೆ ನಾನು ಹೆಣೆಯುತ್ತಿದ್ದೆ. ನನಗೆ ಬೆಳಿಗ್ಗೆ ಎದ್ದರೆ ವಾಂತಿ, ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಅವಳು ಒಂದೇ ಕೈಯಲ್ಲಿ ನಿಂಬೆಹಣ್ಣು ಹಿಂಡಿ, ಶುಂಠಿ ಜಜ್ಜಿ ಪಾನಕ ಮಾಡಿ ಮಹಡಿಗೆ ತರುತ್ತಿದ್ದಳು. ಒಬ್ಬಳಿಗೆ ಕೈ ಇಲ್ಲ, ಒಬ್ಬಳಿಗೆ ಹೊಟ್ಟೆ ಸರಿಯಿಲ್ಲ, ಇಬ್ಬರೂ ಸೇರಿ ಒಬ್ಬ ಹೆಂಗಸಾದಂತಾಗಿದೆ ಎಂದು ನಗುತ್ತಿದ್ದಳು.

ಬೇಸಗೆಯ ಒಂದು ಮಂಗಳವಾರ, ಪ್ಲಾಸ್ಟರ್ ತೆಗೆದ ಮೇಲೆ, ಭಾವನವರು ರಜೆ ಹಾಕಿ ನಮ್ಮೊಡನೆ ಬಂದರು. ಸ್ಕೀ ಕಟ್ಟಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ನಾನು ಹೊಟ್ಟೆ ಹೊತ್ತು ಕೆಳಗಿನ ಬೆಂಚಿನ ಮೇಲೆ ಕೂತೆ. ಅವರಿಬ್ಬರೂ ಪಕ್ಕದ ಕಾಲುದಾರಿಯಲ್ಲಿ ಹತ್ತಿದರು. ಭಾವನವರು ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದರು, ಅಕ್ಕ ಕಾಯುತ್ತಿದ್ದಳು. ಆ ತಿಂಗಳುಗಳಲ್ಲಿ ಅಲ್ಲಿ ಸಂಜೆಯೆಂಬುದು ಮುಗಿಯುವುದೇ ಇಲ್ಲ, ಬೆಳಕು ಬಣ್ಣ ಬದಲಾಯಿಸುತ್ತ ನಿಂತುಬಿಡುತ್ತದೆ. ಆ ಬೆಳಕಿನಲ್ಲಿ ಅವರು ತುದಿಯಲ್ಲಿ ನಿಂತದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಅಕ್ಕ ಕೈ ನೀಡಿ ಏನೋ ತೋರಿಸುತ್ತಿದ್ದಳು, ಬಹುಶಃ ನದಿ, ಬಹುಶಃ ನಮ್ಮ ಬೀದಿ. ಆಮೇಲೆ ಕೈ ಇಳಿಸಿದಳು. ಒಂದು ಹೊತ್ತಿನಲ್ಲಿ ಭಾವನವರು ತಲೆ ಬಗ್ಗಿಸಿ ಅವಳ ಮಾತು ಕೇಳಿಸಿಕೊಳ್ಳುತ್ತಿದ್ದ ಹಾಗೆ ಕಂಡಿತು. ಅವಳು ಅವರಿಗೆ ಆ ಹೆಸರುಗಳನ್ನು ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಇಳಿದು ಬಂದಾಗ ಭಾವನವರ ಕಣ್ಣು ಕೆಂಪಗಿದ್ದವು, ಮೇಲೆ ಗಾಳಿ ಜಾಸ್ತಿ ಅಂದರು. ನಮಗೆಲ್ಲ ಬಿಸಿ ಚಾಕೊಲೇಟ್ ತಂದುಕೊಟ್ಟರು.

ಚಳಿಗಾಲದ ಮೊದಲಿಗೆ ಮಗಳು ಹುಟ್ಟಿದಳು. ಹೆಸರನ್ನು ಅಕ್ಕನೇ ಹುಡುಕಿದಳು. ಬಾಣಂತನವನ್ನೂ ಅವಳೇ ಮಾಡಿದಳು, ಅಮ್ಮನಿಗೆ ಮೈಸೂರಿನಿಂದ ಬರಲಾಗಿರಲಿಲ್ಲ. ಮಗುವಿಗೆ ಎಣ್ಣೆ ಹಚ್ಚುವಾಗ ಅಕ್ಕನ ಹೆಬ್ಬೆರಳು ಪೂರ್ತಿ ಬಾಗುತ್ತಿರಲಿಲ್ಲ, ಆ ಬೆರಳಿನ ಉಜ್ಜುವಿಕೆ ಮಗುವಿಗೆ ಬಹಳ ಹಿಡಿಸುತ್ತಿತ್ತು. ಕೆಲವು ಮಂಗಳವಾರ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು. ಹೊಸ ಶತಮಾನ ಶುರುವಾದ ಸ್ವಲ್ಪ ದಿನಕ್ಕೆ ಆ ಜಾಗವನ್ನು ಮುಚ್ಚಿದರು. ದೀಪ ಹತ್ತುವುದು ನಿಂತಿತು. ಅದೇ ಸುಮಾರಿಗೆ ಭಾವನವರಿಗೆ ಲಂಡನ್ನಿನ ಉತ್ತರದ ಕಡೆ ಒಂದು ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್ ಹುದ್ದೆ ಸಿಕ್ಕಿ, ಇಬ್ಬರೂ ಎಜ್‌ವೇರ್‌ಗೆ ಹೋದರು. ಮಗಳು ರಜೆ ಬಂದರೆ ಟ್ಯೂಬಿನಲ್ಲಿ ಊರನ್ನು ಈ ತುದಿಯಿಂದ ಆ ತುದಿಗೆ ದಾಟಿ ದೊಡ್ಡಮ್ಮನ ಮನೆಗೆ ಹೋಗಬೇಕು. ದೊಡ್ಡಮ್ಮ ಕನ್ನಡದಲ್ಲಿ ಮಾತಾಡುತ್ತಾಳೆ, ಇವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರ ಹರಟೆಗೂ ಕೊನೆಯಿರುವುದಿಲ್ಲ.

ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಒಂದು ವರ್ಷ ಭಾವನವರು ಅಕ್ಕನನ್ನು ಸ್ವಿಟ್ಜರ್ಲೆಂಡಿಗೆ ಕರೆದುಕೊಂಡು ಹೋದರು. ಅಲ್ಲಿಂದ ಅವಳು ನನಗೆ ಫೋನು ಮಾಡಿದಳು. ನಾನು ಆಗ ಅಡಿಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದೆ, ಮಗಳು ರಿಸೀವರ್ ತಂದು ನನ್ನ ಕಿವಿಗೆ ಹಿಡಿದಳು. ಹೇಗಿದೆ ಅಕ್ಕ ನಿಜವಾದ ಬೆಟ್ಟ, ಎಂದು ಕೇಳಿದೆ. ಬೆಟ್ಟ ಬಹಳ ದೊಡ್ಡದು, ಬೆಳಗಿನಿಂದ ಸಂಜೆಯವರೆಗೆ ಇಳಿದರೂ ಮುಗಿಯುವುದಿಲ್ಲ ಅಂದಳು. ಇವರು ಹೋಟೆಲಿನ ಕಿಟಕಿಯಲ್ಲಿ ಕೂತು ಚಹಾ ಕುಡಿಯುತ್ತ ನನ್ನನ್ನು ನೋಡುತ್ತಾರೆ, ಎಲ್ಲಿ ಕಲಿತೆ ಎಂದು ಅಲ್ಲಿ ಸ್ಕೀ ಕಲಿಸುವವನು ಕೇಳಿದ, ಲಂಡನ್ನಿನಲ್ಲಿ ಅಂದರೆ ನಂಬಲಿಲ್ಲ ಅಂದಳು. ಆಮೇಲೆ, "ಬರ್ಫ ಭಾಳ ಮೆತ್ತಗೈತಿ. ಇಲ್ಲಿ ಬಿದ್ರ ಏನೂ ಆಗಂಗಿಲ್ಲ ನೋಡು" ಅಂದಳು.

ನಾನು ನಕ್ಕೆ. ಆ ಕಡೆಯಿಂದ ಅವಳೂ ನಕ್ಕಳು, ಅದೇ ಸಣ್ಣ ದನಿ. ಮಗಳಿಗೆ ರಿಸೀವರ್ ಹಿಡಿದು ಕೈ ನೋಯುತ್ತಿತ್ತು. ದೊಡ್ಡಮ್ಮನ ಹತ್ತಿರ ನೀನೇ ಮಾತಾಡು ಎಂದು ಅವಳಿಗೆ ಬಿಟ್ಟುಕೊಟ್ಟು, ನಾನು ಹಿಟ್ಟಿಗೆ ಇನ್ನಷ್ಟು ನೀರು ಹಾಕಿದೆ. ಮಗಳು ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, ಹಿಮ ಹೇಗಿರುತ್ತದೆ, ಎಷ್ಟು ಆಳವಿರುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದಳು.